ಅರ್ಧಕ್ಕೆ ಬಿಟ್ಟ ಬಿಕಾಂ: ಹಳೆಯ ಕ್ರೆಡಿಟ್ ಸೇರಿಸಿ ಬೇಗ ಮುಗಿಸಬಹುದೇ?

ಓದುಗರ ಪ್ರಶ್ನೆ: ನನಗೆ 36 ವರ್ಷ. ಪಿಯುಸಿ ಊರಲ್ಲೇ, ಕುಂದಾಪುರದ ಕಡೆ. ಆಮೇಲೆ ಮುಂಬಯಿಗೆ ಬಂದು ಮಾವನ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತ ಬಿಕಾಂ ಸೇರಿದೆ. 2010ರಲ್ಲಿ ಎಸ್‌ವೈ (ಎರಡನೇ ವರ್ಷ) ಪಾಸಾಯಿತು, ಟಿವೈಗೆ (ಮೂರನೇ ವರ್ಷ) ಹೋಗಲು ಆಗಲಿಲ್ಲ. ಈಗ ಥಾಣೆಯ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ಡಿಗ್ರಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಬಡ್ತಿ ನಿಂತಿದೆ. ‘ನಿಮ್ಮ ಹಳೆಯ ಕ್ರೆಡಿಟ್ ಟ್ರಾನ್ಸ್‌ಫರ್ ಮಾಡಿಸಿ ಆರು ತಿಂಗಳಲ್ಲಿ ಡಿಗ್ರಿ ಕೊಡಿಸುತ್ತೇವೆ’ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ಇದು ಸಾಧ್ಯವೇ?

ಆರು ತಿಂಗಳಲ್ಲಿ ಸಾಧ್ಯವಿಲ್ಲ. ನೀವು ಓದಿದ ವಿಶ್ವವಿದ್ಯಾಲಯಕ್ಕೇ ಮರಳಿದರೆ ಸುಮಾರು ಒಂದು ವರ್ಷ, ಬೇರೆ ಕಡೆಗೆ ಹೋದರೆ ಕಡಿಮೆಯೆಂದರೆ ಒಂದೂವರೆ ವರ್ಷ. ಆ ಏಜೆಂಟನಿಗೆ ದುಡ್ಡು ಕೊಡಬೇಡಿ. ಆದರೆ ನಿಮ್ಮ ಎರಡು ವರ್ಷದ ಓದು ವ್ಯರ್ಥವಾಯಿತು ಅಂತಲೂ ತಿಳಿಯಬೇಡಿ. ಅದಕ್ಕೆ ಬೆಲೆ ಇದೆ, ಆ ಬೆಲೆ ಯಾವ ಕೌಂಟರಿನಲ್ಲಿ ಸಿಗುತ್ತದೆ ಅನ್ನುವುದೇ ವಿಷಯ.

ಲೆಕ್ಕ ಹೀಗಿದೆ. ಕ್ರೆಡಿಟ್ ಅಂದರೆ ಪಾಸಾದ ಓದಿನ ಅಳತೆ. ಹೊಸ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಬೇಕು. ವರ್ಷಕ್ಕೆ 40, ಸೆಮಿಸ್ಟರಿಗೆ 20. ನಿಮ್ಮ ಎಫ್‌ವೈ, ಎಸ್‌ವೈ ಎರಡನ್ನೂ ಪೂರ್ತಿ ಒಪ್ಪಿಕೊಂಡರೆ 80 ಕೈಯಲ್ಲಿದ್ದ ಹಾಗೆ, ಉಳಿಯುವುದು 40. ಇಷ್ಟನ್ನು ನೋಡಿಯೇ ಜನ ‘ಒಂದೇ ವರ್ಷ’ ಅನ್ನುವುದು. ಆದರೆ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಅನ್ನುವ ನಿಯಮವೂ ಇದೆ. 120ರ ಅರ್ಧ 60. ಅಂದರೆ ನೀವು 80 ಕ್ರೆಡಿಟ್ ಹೊತ್ತು ಹೊಸ ವಿಶ್ವವಿದ್ಯಾಲಯದ ಬಾಗಿಲಿಗೆ ಹೋದರೂ ಲೆಕ್ಕಕ್ಕೆ ಬರುವುದು ಹೆಚ್ಚೆಂದರೆ 60, ಉಳಿದ 60ನ್ನು ಅಲ್ಲೇ ಓದಬೇಕು. ಮೂರು ಸೆಮಿಸ್ಟರ್. ಹಳೆಯ ವಿಶ್ವವಿದ್ಯಾಲಯದಲ್ಲಿ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ನೀವು ಓದಿದ್ದೆಲ್ಲ ಅಲ್ಲಿಯದೇ. ಆದ್ದರಿಂದ ಎಲ್ಲಿ ಬೇಗ ಮುಗಿಯುತ್ತದೆ ಅಂತ ಊರೆಲ್ಲ ಹುಡುಕುವ ಮೊದಲು ಕಲೀನಾದ ವಿದ್ಯಾನಗರಿಗೆ, ಅಂದರೆ ಮುಂಬಯಿ ವಿಶ್ವವಿದ್ಯಾಲಯದ ಆವರಣಕ್ಕೆ, ಹೋಗಿ ವಿಚಾರಿಸಿ.

ಮುಂಬಯಿ ವಿಶ್ವವಿದ್ಯಾಲಯ 1971ರಿಂದ ಅಂಚೆ ಶಿಕ್ಷಣ ನಡೆಸಿಕೊಂಡು ಬಂದಿದೆ. ಜನ ಈಗಲೂ ಐಡಾಲ್ ಅಂತಲೇ ಕರೆಯುವ ಆ ವಿಭಾಗದ ಈಗಿನ ಹೆಸರು ದೂರ ಮತ್ತು ಆನ್‌ಲೈನ್ ಶಿಕ್ಷಣ ಕೇಂದ್ರ. ಕಾಲೇಜಿನಲ್ಲಿ ಎಸ್‌ವೈ ಮುಗಿಸಿ ಕೆಲಸಕ್ಕೆ ಸೇರಿದವರು ಟಿವೈಗೆ ಐಡಾಲ್ ಹಿಡಿಯುವುದು ಈ ಊರಲ್ಲಿ ಹೊಸತಲ್ಲ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘2010ರ ಎಸ್‌ವೈ ಮಾರ್ಕ್‌ಶೀಟ್ ಮೇಲೆ ಟಿವೈಗೆ ಪ್ರವೇಶ ಸಿಗುತ್ತದೆಯೇ? ಸಿಲಬಸ್ ಬದಲಾದ್ದರಿಂದ ಯಾವ ಪೇಪರ್‌ಗಳನ್ನು ಹೆಚ್ಚುವರಿಯಾಗಿ ಬರೆಯಬೇಕು?’ ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ. ಅರ್ಜಿ ಕೊಟ್ಟು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು, ಲಿಖಿತ ಉತ್ತರ ಪಡೆಯಿರಿ. ಹದಿನೈದು ವರ್ಷ ಹಳೆಯ ಕೇಸಿನಲ್ಲಿ ಒಂದು ಕೌಂಟರಿನಲ್ಲಿ ‘ಆಗುತ್ತದೆ’ ಅಂದದ್ದನ್ನು ಪಕ್ಕದ ಕೌಂಟರಿನಲ್ಲಿ ‘ಆಗುವುದಿಲ್ಲ’ ಅನ್ನುವುದುಂಟು.

ಇದನ್ನು ಓದುತ್ತಿರುವ ಇನ್ನೊಂದು ಬಗೆಯವರಿಗೂ ಒಂದು ಮಾತು ಹೇಳಬೇಕು. ಟಿವೈವರೆಗೆ ಓದಿ, ಎರಡು ಕೆಟಿ (ಪಾಸಾಗದ ಪೇಪರ್) ಉಳಿದು, ‘ನನ್ನ ಗ್ರಾಜುಯೇಶನ್ ಆಗಿಲ್ಲ’ ಅಂತ ವರ್ಷಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಕ್ರೆಡಿಟ್ ಟ್ರಾನ್ಸ್‌ಫರ್ ಬೇಕಿಲ್ಲ, ಹೊಸ ಪ್ರವೇಶ ಬೇಕಿಲ್ಲ. ಹಳೆಯ ಪ್ಯಾಟರ್ನಿನ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯುವ ಅವಕಾಶ ಇದೆಯೇ, ಇಲ್ಲವಾದರೆ ಹೊಸ ಸಿಲಬಸ್ಸಿನ ಯಾವ ಪೇಪರ್ ಸಮಾನ ಅಂತ ಪರೀಕ್ಷಾ ವಿಭಾಗದಲ್ಲಿ ಕೇಳಿದರೆ ಸಾಕು. ಡಿಗ್ರಿ ಎರಡು ಪೇಪರಿನಷ್ಟು ದೂರದಲ್ಲಿರುವಾಗ ಮೂರು ವರ್ಷದ ಕೋರ್ಸಿಗೆ ಹೊಸದಾಗಿ ದುಡ್ಡು ಕಟ್ಟಿದವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಏಜೆಂಟ್ ಹೇಳುವ ‘ಕ್ರೆಡಿಟ್ ಬ್ಯಾಂಕ್’ ವಿಷಯ. ಅಂಥದ್ದು ನಿಜವಾಗಿಯೂ ಇದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರ ಜುಲೈನಲ್ಲಿ ಯುಜಿಸಿ ನಿಯಮ ಬಂತು. ಒಂದು ಕಡೆ ಪಾಸಾದ ವಿಷಯದ ಕ್ರೆಡಿಟ್ ವಿದ್ಯಾರ್ಥಿಯ ಖಾತೆಗೆ ಜಮಾ ಆಗುತ್ತದೆ, ಏಳು ವರ್ಷದವರೆಗೆ ಊರ್ಜಿತ, ಇನ್ನೊಂದು ಸಂಸ್ಥೆಗೆ ಸೇರಿದಾಗ ಅಲ್ಲಿ ಬಳಸಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಅದರಲ್ಲಿ ಜಮಾ ಆಗುವುದು 2021-22ರ ಶೈಕ್ಷಣಿಕ ವರ್ಷದಿಂದ ಈಚೆಗೆ ಗಳಿಸಿದ ಕ್ರೆಡಿಟ್ ಮಾತ್ರ. ನಿಮ್ಮ 2010ರ ಮಾರ್ಕ್‌ಶೀಟ್ ಅದರೊಳಗೆ ಹೋಗುವುದಿಲ್ಲ. ಇನ್ನೊಂದು, ಜಮಾ ಮಾಡುವುದು ಕಾಲೇಜು ಅಥವಾ ವಿಶ್ವವಿದ್ಯಾಲಯ. ವಿದ್ಯಾರ್ಥಿ ತಾನೇ ಕಾಗದ ಅಪ್‌ಲೋಡ್ ಮಾಡಿ ಕ್ರೆಡಿಟ್ ಹಾಕಿಸಿಕೊಳ್ಳುವಂತಿಲ್ಲ, ಏಜೆಂಟ್ ಅಂತೂ ಹಾಕಿಸಲಾರ. ಕೋವಿಡ್ ನಂತರ ಕಾಲೇಜು ಸೇರಿ ನಡುವೆ ಬಿಟ್ಟ ತಮ್ಮ, ತಂಗಿ ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಈ ಖಾತೆ ಬಹಳ ಉಪಯೋಗ. ಅವರು ಡಿಜಿಲಾಕರ್‌ನಲ್ಲಿ ನೋಡಿಕೊಳ್ಳಲಿ.

ನಿಮ್ಮಂಥವರ ಹಳೆಯ ಓದನ್ನು ಬೇರೆ ವಿಶ್ವವಿದ್ಯಾಲಯ ಒಪ್ಪಬೇಕಾದರೆ ವಿಷಯಕ್ಕೆ ವಿಷಯ ಹೋಲಿಸಿ ನೋಡುವ ಪದ್ಧತಿಯೇ ದಾರಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಇದು ಬಹಳ ಹಿಂದಿನಿಂದ ಇದೆ. ಮೊದಲು ಅಲ್ಲಿ ಪ್ರವೇಶ ಪಡೆಯಬೇಕು. ಆಮೇಲೆ ಮಾರ್ಕ್‌ಶೀಟ್, ಆಗಿನ ಸಿಲಬಸ್ ಪ್ರತಿ ಸೇರಿಸಿ ಕ್ರೆಡಿಟ್ ಟ್ರಾನ್ಸ್‌ಫರ್ ಅರ್ಜಿ ಹಾಕಬೇಕು, ವಿಷಯಕ್ಕೆ ಇಷ್ಟು ಅಂತ ಶುಲ್ಕ. ಎಲ್ಲ ವಿಷಯವೂ ಹೊಂದುತ್ತದೆ ಅನ್ನುವ ಭರವಸೆ ಇಲ್ಲ. ಅಕೌಂಟೆನ್ಸಿ, ಎಕನಾಮಿಕ್ಸ್ ಹೊಂದುವ ಸಾಧ್ಯತೆ ಹೆಚ್ಚು, ಫೌಂಡೇಶನ್ ಕೋರ್ಸ್‌ನಂಥವು ಕಷ್ಟ. ಏನೂ ಹೊಂದದಿದ್ದರೆ ಅಲ್ಲಿ ಬಿಕಾಂಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಜನವರಿ, ಜುಲೈಗಳಲ್ಲಿ ಪ್ರವೇಶ, ಜೂನ್, ಡಿಸೆಂಬರ್‌ಗಳಲ್ಲಿ ಪರೀಕ್ಷೆ. ಮುಂಬಯಿ, ಪುಣೆ, ಪಣಜಿ ಮೂರು ಕಡೆಯೂ ಪ್ರಾದೇಶಿಕ ಕೇಂದ್ರಗಳಿವೆ. ನಾಸಿಕ್‌ನ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಇನ್ನೊಂದು ಆಯ್ಕೆ, 1989ರಿಂದ ನಡೆಯುತ್ತಿದೆ.

‘ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಬರೆಯಬಹುದಲ್ಲ?’ ಅಂತ ನಮ್ಮವರು ತಪ್ಪದೆ ಕೇಳುತ್ತಾರೆ. ರಾಜ್ಯದ ವಿಶ್ವವಿದ್ಯಾಲಯಗಳು ದೂರಶಿಕ್ಷಣವನ್ನು ತಮ್ಮ ರಾಜ್ಯದೊಳಗೆ ಮಾತ್ರ ನಡೆಸಬಹುದು. ಮುಂಬಯಿಯಲ್ಲಿ ಅದರ ಅಧ್ಯಯನ ಕೇಂದ್ರ ಇದೆ ಅಂತ ಯಾರಾದರೂ ಬೋರ್ಡ್ ಹಾಕಿದ್ದರೆ ಒಳಗೆ ಹೋಗಬೇಡಿ. ಆನ್‌ಲೈನ್ ಪದವಿಗೆ ಈ ಗಡಿ ಇಲ್ಲ. 2013-14ರಿಂದ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳಿದಾಗ ಅದೇ ವಿಶ್ವವಿದ್ಯಾಲಯದ ಸಾವಿರಾರು ವಿದ್ಯಾರ್ಥಿಗಳು ಪಟ್ಟ ಪಾಡು ಕರ್ನಾಟಕದವರಿಗೆ ನೆನಪಿರುತ್ತದೆ. ಮಾನ್ಯತೆ 2018ರಲ್ಲಿ ಮರಳಿತು, ನಡುವಿನ ವರ್ಷಗಳು ಮರಳಲಿಲ್ಲ. ಆದ್ದರಿಂದ ಸಂಸ್ಥೆಯ ಹೆಸರು ದೊಡ್ಡದು ಅಂತ ನಂಬದೆ, ಆ ಕೋರ್ಸ್‌ಗೆ, ಆ ವರ್ಷಕ್ಕೆ ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಅನುಮತಿ ಇದೆಯೇ ಅಂತ ನೀವೇ ನೋಡಿ.

ಸೇರಿದ ಮೇಲೆ ವೇಗ ಹೆಚ್ಚಿಸುವ ದಾರಿ ಇಲ್ಲವೇ? ಸ್ವಲ್ಪ ಇದೆ. ಸ್ವಯಂ ಅನ್ನುವ ಕೇಂದ್ರ ಸರ್ಕಾರದ ವೇದಿಕೆಯಲ್ಲಿ ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ 40 ಪ್ರತಿಶತದವರೆಗೆ ಅಲ್ಲಿಂದ ಪಡೆದದ್ದನ್ನು ವಿಶ್ವವಿದ್ಯಾಲಯ ಒಪ್ಪಬಹುದು. ‘ಒಪ್ಪಬಹುದು’, ಒಪ್ಪಲೇಬೇಕು ಅಂತಲ್ಲ. ಯಾವ ಕೋರ್ಸಿಗೆ ಯಾವುದು ಸಮಾನ ಅಂತ ಮೊದಲೇ ಅನುಮತಿ ಪಡೆಯದೆ ಪರೀಕ್ಷೆ ಬರೆದರೆ ಸರ್ಟಿಫಿಕೇಟ್ ಕೈಗೆ ಬರುತ್ತದೆ, ಕ್ರೆಡಿಟ್ ಬರುವುದಿಲ್ಲ. ಇದಲ್ಲದೆ ಪದವಿಯನ್ನು ವೇಗವಾಗಿ ಮುಗಿಸುವ ಯೋಜನೆಗೂ ಯುಜಿಸಿ ಒಪ್ಪಿಗೆ ಕೊಟ್ಟಿದೆ. ಮೊದಲ ಅಥವಾ ಎರಡನೇ ಸೆಮಿಸ್ಟರಿನ ನಂತರ ಸಂಸ್ಥೆಯ ಸಮಿತಿ ಆರಿಸಿದವರು ಹೆಚ್ಚು ಕ್ರೆಡಿಟ್ ತೆಗೆದುಕೊಂಡು ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರಿನಲ್ಲಿ ಮುಗಿಸಬಹುದು. ಉಳಿತಾಯವಾಗುವುದು ಆರು ತಿಂಗಳು. ಕೆಲಸದಲ್ಲಿರುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಏಕೆಂದರೆ ಕ್ರೆಡಿಟ್ ಅಂದರೆ ಗಂಟೆ. 2023ರ ರಾಷ್ಟ್ರೀಯ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಕಲಿಕೆ. 60 ಕ್ರೆಡಿಟ್ ಅಂದರೆ 1800 ಗಂಟೆ, ಒಂದೂವರೆ ವರ್ಷಕ್ಕೆ ಹಂಚಿದರೆ ವಾರಕ್ಕೆ 23. ಅಕೌಂಟ್ಸ್ ದಿನವೂ ಮಾಡುವ ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ, ಆದರೆ ಅರ್ಧವಾದರೂ ಬೇಕು. ಥಾಣೆಯಿಂದ ಮನೆಗೆ ಲೋಕಲ್‌ನಲ್ಲಿ ನಿಂತೇ ಬರುವವರಿಗೆ ಆ ಸಮಯ ಎಲ್ಲಿಂದ ಅನ್ನುವುದನ್ನು ಮನೆಯವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಿ. ಮಾರ್ಚ್, ಏಪ್ರಿಲ್‌ನ ವರ್ಷಾಂತ್ಯದ ಲೆಕ್ಕದ ಗಡಿಬಿಡಿಗೂ ಪರೀಕ್ಷೆಗೂ ಡಿಕ್ಕಿಯಾಗುತ್ತದೆಯೇ ಅಂತಲೂ ನೋಡಿ. ಇಗ್ನೋದ ಜೂನ್, ಡಿಸೆಂಬರ್ ಪರೀಕ್ಷೆಗಳು ಈ ದೃಷ್ಟಿಯಿಂದ ಅಕೌಂಟ್ಸ್ ಕೆಲಸದವರಿಗೆ ಅನುಕೂಲ.

ಫೋರ್ಟ್, ಮಾಟುಂಗಾದ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತು ಎಸ್ಸೆಸ್ಸಿ ಮುಗಿಸಿ, ಮುಂದೆ ಬ್ಯಾಂಕಿನವರೂ ವಕೀಲರೂ ಆದ ಒಂದು ತಲೆಮಾರು ನಮ್ಮಲ್ಲಿತ್ತು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಬೆಳಗಿನ ತರಗತಿ ಇಟ್ಟದ್ದು ಕೆಲಸಕ್ಕೆ ಹೋಗುವವರಿಗಾಗಿ. ದುಡಿಯುತ್ತ ಓದುವುದಕ್ಕೆ ಈ ನಗರದಲ್ಲಿ ಗೌರವ ಇದೆ, ಆ ಗೌರವ ನಿಮಗೂ ಸಲ್ಲಬೇಕು. ಅದನ್ನು ಆರು ತಿಂಗಳ ಕಾಗದದಲ್ಲಿ ಕಳೆದುಕೊಳ್ಳಬೇಡಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಪುಣೆಯ ಪಿಂಪ್ರಿ-ಚಿಂಚ್‌ವಡದ ಕಾರ್ಖಾನೆಗಳಲ್ಲಿರುವ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರ ಪ್ರಶ್ನೆ ಬೇರೆ: ಡಿಪ್ಲೊಮಾ ಇದೆ, ಬಿಇ ಬೇಕು. ಡಿಪ್ಲೊಮಾದವರಿಗೆ ಎರಡನೇ ವರ್ಷಕ್ಕೆ ನೇರ ಪ್ರವೇಶ ಮೊದಲಿನಿಂದ ಇದೆ. ಕೆಲಸದಲ್ಲಿರುವವರ ಸಮಯಕ್ಕೆ ಹೊಂದುವ ತರಗತಿಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2023ರಲ್ಲಿ ದಾರಿ ಮಾಡಿದೆ. ಆದರೆ ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಯ ಹತ್ತಿರ ಹೋಗಬೇಡಿ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೆ ಕೊಟ್ಟ ಪದವಿಗಳನ್ನು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಅಮಾನ್ಯ, ಅಮಾನತು ಮಾಡಿದಾಗ ಅದರ ಮೇಲೆ ಬಡ್ತಿ ಪಡೆದವರಿಗೂ ಪೆಟ್ಟು ಬಿತ್ತು.

ಇನ್ನು ವರ್ಷದೊಳಗೆ ಅಮೆರಿಕದ ಡಿಗ್ರಿ ಅನ್ನುವ ವಿಡಿಯೊಗಳು. ಅವು ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲೂ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಥಾಮಸ್ ಎಡಿಸನ್ ಸ್ಟೇಟ್, ಚಾರ್ಟರ್ ಓಕ್, ಎಕ್ಸೆಲ್ಸಿಯರ್‌ನಂಥ ಮಾನ್ಯ ಸಂಸ್ಥೆಗಳು ಹೊರಗಿನ ಕ್ರೆಡಿಟ್ ಬಹಳಷ್ಟು ಒಪ್ಪುತ್ತವೆ, ಕ್ಲೆಪ್ ಪರೀಕ್ಷೆ ಬರೆದೂ ಕ್ರೆಡಿಟ್ ಗಳಿಸಬಹುದು. ಆದರೆ ಅದು ಅಲ್ಲಿಯ ವ್ಯವಸ್ಥೆ. ಇಲ್ಲಿ ಕುಳಿತು ಪಡೆದ ಅಂಥ ಪದವಿಗೆ ನಿಮ್ಮ ಕಂಪನಿ, ಮುಂದೆ ಓದುವ ವಿಶ್ವವಿದ್ಯಾಲಯ ಮಾನ್ಯತೆ ಕೊಡುತ್ತವೆಯೇ ಅಂತ ಲಿಖಿತವಾಗಿ ತಿಳಿಯದೆ ಡಾಲರ್ ಕಳಿಸಬೇಡಿ. ಮಾನ್ಯತೆಯಿಲ್ಲದ ವಿದೇಶಿ ಸಂಸ್ಥೆಗಳ ಜೊತೆ ಸೇರಿ ಪದವಿ ಮಾರುವ ಕಂಪನಿಗಳ ಬಗ್ಗೆ ಯುಜಿಸಿ 2023ರ ಡಿಸೆಂಬರ್‌ನಲ್ಲೂ, ‘ಹತ್ತು ದಿನದ ಎಂಬಿಎ’ ಬಗ್ಗೆ 2024ರ ಏಪ್ರಿಲ್‌ನಲ್ಲೂ ಎಚ್ಚರಿಸಿದೆ.

ಕೊನೆಗೆ, ನಮ್ಮವರನ್ನು ಅತಿ ಹೆಚ್ಚು ಕಾಡುವ ವಿಷಯ: ಹೆಸರು. ಕರ್ನಾಟಕದ ಪಿಯುಸಿ ಅಂಕಪಟ್ಟಿಯಲ್ಲಿ ಹೆಸರು, ಪಕ್ಕದಲ್ಲಿ ಒಂದು ಇನಿಶಿಯಲ್. ಮುಂಬಯಿ ಮಾರ್ಕ್‌ಶೀಟಿನಲ್ಲಿ ಮೊದಲು ಸರ್‌ನೇಮ್, ಆಮೇಲೆ ಹೆಸರು, ಆಮೇಲೆ ತಂದೆಯ ಹೆಸರು. ಆಧಾರಿನಲ್ಲಿ ಮೂರನೆಯ ರೀತಿ. ಮದುವೆಯಾಗಿ ಸರ್‌ನೇಮ್ ಬದಲಾದ ಹೆಣ್ಣುಮಕ್ಕಳಿಗಂತೂ ನಾಲ್ಕನೆಯದು. ಈಗ ದೂರಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬರೂ ಡಿಇಬಿ ಐಡಿ (ಯುಜಿಸಿ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಮಾಡಿಕೊಳ್ಳಬೇಕು, ಅದು ಕ್ರೆಡಿಟ್ ಬ್ಯಾಂಕ್ ಖಾತೆಗೆ ಜೋಡಣೆ, ಆ ಖಾತೆ ಆಧಾರಿಗೆ ಜೋಡಣೆ. ಎಲ್ಲೋ ಒಂದು ಕಡೆ ಹೆಸರು ಹೊಂದದೆ ಅರ್ಜಿ ನಿಂತರೆ ಒಂದು ಪ್ರವೇಶದ ಅವಧಿಯೇ ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಆಧಾರ್ ಸರಿಪಡಿಸಿ, ಬೇಕಿದ್ದರೆ ಹೆಸರಿನ ಬದಲಾವಣೆಯನ್ನು ಸರ್ಕಾರಿ ಗೆಜೆಟ್‌ನಲ್ಲಿ ಹಾಕಿಸಿ, ಹೆಸರಿನ ವ್ಯತ್ಯಾಸಕ್ಕೂ ಓದು ಬಿಟ್ಟ ವರ್ಷಗಳಿಗೂ ನೋಟರಿ ಅಫಿಡವಿಟ್ ಇಟ್ಟುಕೊಳ್ಳಿ. ಜೊತೆಗೆ ಹಳೆಯ ಕಾಲೇಜಿಗೆ ಹೋಗಿ ಎಲ್‌ಸಿ (ಕಾಲೇಜು ಬಿಟ್ಟ ಪ್ರಮಾಣಪತ್ರ) ಕೇಳಿ. ಮೈಗ್ರೇಶನ್ ಸರ್ಟಿಫಿಕೇಟ್ ಮಾತ್ರ ಈಗಲೇ ತೆಗೆಯಬೇಡಿ, ಬೇರೆ ವಿಶ್ವವಿದ್ಯಾಲಯಕ್ಕೇ ಹೋಗುವುದು ಅಂತ ತೀರ್ಮಾನವಾದ ಮೇಲೆ ತೆಗೆದರೆ ಸಾಕು. ಡಿಇಬಿ ಐಡಿಯನ್ನು ನಿಮ್ಮದೇ ಮೊಬೈಲ್ ನಂಬರಿನಿಂದ ನೀವೇ ಮಾಡಿ, ಒಟಿಪಿ ಯಾರಿಗೂ ಕೊಡಬೇಡಿ. ‘ಅದೆಲ್ಲ ಬೇಡ, ನಾವು ನೋಡಿಕೊಳ್ಳುತ್ತೇವೆ’ ಅನ್ನುವ ಏಜೆಂಟ್ ನಿಮ್ಮನ್ನು ಯಾವ ವಿಶ್ವವಿದ್ಯಾಲಯಕ್ಕೂ ಸೇರಿಸುತ್ತಿಲ್ಲ.