ಮಕ್ಕಳ ದವಡೆ ಹಲ್ಲಿನ ಚಿಕಿತ್ಸೆ: ಹಾಲ್ ಟೆಕ್ನಿಕ್ ಅಧ್ಯಯನವನ್ನು ಓದುವುದು ಹೇಗೆ?

ಪೀಡೋ (ಮಕ್ಕಳ ದಂತವೈದ್ಯಶಾಸ್ತ್ರ) ಪರೀಕ್ಷೆ ಹತ್ತಿರ ಬಂತು ಅಂದರೆ ನಾವೆಲ್ಲ ಸಕ್ಸೆಸ್ ರೇಟ್‌ಗಳನ್ನು ಬಾಯಿಪಾಠ ಮಾಡಲು ಕೂರುತ್ತೇವೆ. ಸುಮ್ನೆ ಶೇಕಡಾ ಇಷ್ಟು ಎಂದು ಬರೆದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಯಾವುದರ ಜೊತೆ ಹೋಲಿಸಿದ್ದಾರೆ, ಯಾವುದನ್ನು ಫೇಲ್ಯೂರ್ ಎಂದಿದ್ದಾರೆ ಎಂಬುದು ಮೊದಲು ಗೊತ್ತಾಗಬೇಕು. ಇದನ್ನು ಕಲಿಯಲು ಹಾಲ್ ಟೆಕ್ನಿಕ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸ್ಕಾಟ್‌ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಮಕ್ಕಳ ಹುಳುಕಾದ ಹಾಲು ದವಡೆ ಹಲ್ಲುಗಳಿಗೆ ಬಳಸುತ್ತಿದ್ದ ವಿಧಾನ ಇದು. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ, ಹುಳುಕು ಕೆರೆದು ತೆಗೆಯುವುದೂ ಇಲ್ಲ. ಹಲ್ಲುಗಳು ಒತ್ತಾಗಿದ್ದರೆ ಸಂದಿಗೆ ರಬ್ಬರ್ ಸಪರೇಟರ್ ಹಾಕಿ 3ರಿಂದ 5 ದಿನ ಬಿಡುತ್ತಾರೆ. ಆಮೇಲೆ ಅಳತೆಗೆ ಸರಿಯಾದ ಸ್ಟೀಲ್ ಕ್ರೌನ್ (ಹಲ್ಲಿನ ಟೋಪಿ) ಆರಿಸಿ, ಒಳಗೆ ಗ್ಲಾಸ್ ಅಯಾನೊಮರ್ ಎಂಬ ಹಲ್ಲಿನ ಸಿಮೆಂಟ್ ತುಂಬಿ, ಬೆರಳಿನಿಂದ ಒತ್ತಿ ಕೂರಿಸುತ್ತಾರೆ. ಇಲ್ಲವೇ ಮಗುವಿಗೇ ಕಚ್ಚಲು ಹೇಳುತ್ತಾರೆ. ಸುತ್ತಲಿನ ಒಸಡು ಬಿಳಿಚಿಕೊಂಡು ಸ್ವಲ್ಪ ಹೊತ್ತಿನಲ್ಲಿ ಮೊದಲಿನ ಬಣ್ಣಕ್ಕೆ ಬರುತ್ತದೆ. ಕಚ್ಚಿದಾಗ ಕ್ರೌನ್ ಎತ್ತರವಾಗಿ ತಾಗುತ್ತದೆ, ಕೆಲವು ವಾರಗಳಲ್ಲಿ ಅದೂ ಸರಿಹೋಗುತ್ತದೆ. ಒಳಗೆ ಮುಚ್ಚಿಹೋದ ಬ್ಯಾಕ್ಟೀರಿಯಾಗಳಿಗೆ ಬಾಯಿಯಿಂದ ಸಕ್ಕರೆ ಸಿಗುವುದಿಲ್ಲ. ಹಾಗಾಗಿ ಹುಳುಕು ಮುಂದುವರಿಯುವುದು ನಿಲ್ಲುತ್ತದೆ ಅಥವಾ ತುಂಬಾ ನಿಧಾನವಾಗುತ್ತದೆ.

ಎಲ್ಲ ಹಲ್ಲಿಗೂ ಇದು ಆಗದು. ಎಕ್ಸ್-ರೇಯಲ್ಲಿ ಹುಳುಕಿಗೂ ಪಲ್ಪ್‌ಗೂ (ಹಲ್ಲಿನೊಳಗಿನ ನರ, ರಕ್ತನಾಳಗಳ ಭಾಗ) ನಡುವೆ ಡೆಂಟಿನ್ (ಎನಾಮಲ್ ಕೆಳಗಿನ ಪದರ) ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಕೀವುಗುಳ್ಳೆ ಇದ್ದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ಈ ವಿಧಾನ ಬೇಡ.

ಈಗ ಅಧ್ಯಯನಕ್ಕೆ ಬರೋಣ. ಸ್ಕಾಟ್‌ಲೆಂಡಿನ ಟೇಸೈಡ್‌ನಲ್ಲಿ 132 ಮಕ್ಕಳ 264 ದವಡೆ ಹಲ್ಲುಗಳ ಮೇಲೆ ನಡೆದದ್ದು, 2007ರಲ್ಲಿ ಪ್ರಕಟವಾಯಿತು. ಒಂದೇ ಮಗುವಿನ ಬಾಯಲ್ಲಿ ಒಂದು ಹಲ್ಲಿಗೆ ಹಾಲ್ ಕ್ರೌನ್, ಅದಕ್ಕೆ ಹೊಂದುವ ಇನ್ನೊಂದು ಹಲ್ಲಿಗೆ ವೈದ್ಯರು ಎಂದಿನಂತೆ ಮಾಡುವ ಫಿಲ್ಲಿಂಗ್. ಇದೇ ಸ್ಪ್ಲಿಟ್-ಮೌತ್ ವಿನ್ಯಾಸ. ಮಗು ತಿನ್ನುವ ಸಿಹಿ, ಬ್ರಷ್ ಮಾಡುವ ರೀತಿ, ಜೊಲ್ಲು ಎಲ್ಲವೂ ಎರಡೂ ಹಲ್ಲಿಗೆ ಒಂದೇ ಅಲ್ವಾ? ಹೋಲಿಕೆಗೆ ಅದು ದೊಡ್ಡ ಬಲ.

ಪಲ್ಪ್ ಕೆಟ್ಟು ಕೀವಾದರೆ, ಹಲ್ಲು ಕೀಳಬೇಕಾಗಿ ಬಂದರೆ ಮೇಜರ್ ಫೇಲ್ಯೂರ್. ಫಿಲ್ಲಿಂಗ್ ಬಿದ್ದು ಮತ್ತೆ ಹಾಕಲು ಬಂದರೆ, ಹೊಸ ಹುಳುಕು ಕಂಡರೆ ಮೈನರ್. ಸುಮಾರು ಎರಡು ವರ್ಷದ ನಂತರ ಮೇಜರ್ ಫೇಲ್ಯೂರ್ ಹಾಲ್ ಕಡೆ ಶೇ. 2, ಫಿಲ್ಲಿಂಗ್ ಕಡೆ ಶೇ. 15. ಮೈನರ್ ಶೇ. 5 ಮತ್ತು ಶೇ. 46. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಮಗುವಿಗೆ ನೋವು ಕೊಡುವುದು ಹೆಚ್ಚಾಗಿ ಮೇಜರ್ ಫೇಲ್ಯೂರ್, ಅದಕ್ಕೇ ನನ್ನ ಕಣ್ಣು ಮೊದಲು ಆ ಅಂಕಿಯ ಮೇಲೆ ಹೋಗುತ್ತದೆ.

ಇಲ್ಲಿ ಒಂದು ಕೊಂಕು ಪ್ರಶ್ನೆ ಕೇಳಲೇಬೇಕು. ಎದುರು ಪಕ್ಷದ ಫಿಲ್ಲಿಂಗ್‌ಗಳಲ್ಲಿ ಹೆಚ್ಚಿನವು ಗ್ಲಾಸ್ ಅಯಾನೊಮರ್. ಎರಡು ಹಲ್ಲು ತಾಗುವ ಜಾಗದ ಹುಳುಕಿಗೆ ಅದು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗಾದರೆ ಗೆದ್ದದ್ದು ಹುಳುಕು ತೆಗೆಯದ ವಿಧಾನವೋ, ಪೂರ್ತಿ ಮುಚ್ಚುವ ಸ್ಟೀಲ್ ಕ್ರೌನೋ? ಈ ಒಂದೇ ಅಧ್ಯಯನದಿಂದ ಅದನ್ನು ಬಿಡಿಸಿ ಹೇಳಲಾಗದು. ಕ್ರೌನ್ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಯಾವ ಹಲ್ಲಿಗೆ ಯಾವ ಚಿಕಿತ್ಸೆ ಎಂಬುದನ್ನು ಪರೀಕ್ಷಿಸುವವರಿಂದ ಮುಚ್ಚಿಡಲೂ ಆಗದು. ಐದು ವರ್ಷದ ವರದಿಯಲ್ಲೂ ಅಂತರ ಹಾಗೇ ಉಳಿದಿತ್ತು, ಆದರೆ ಅಷ್ಟು ಕಾಲ ಸಿಕ್ಕ ಮಕ್ಕಳು 91 ಮಾತ್ರ. ಹಾಲು ಹಲ್ಲು ಬಿದ್ದುಹೋಗುವ ವಯಸ್ಸೂ ಅದೇ, ಇದನ್ನು ಮರೆಯಬೇಡಿ.

ಗೊಂದಲ ಶುರುವಾಗುವುದು 2020ರಲ್ಲಿ ಪ್ರಕಟವಾದ ಫಿಕ್ಷನ್ (FiCTION) ಎಂಬ ಹೆಸರಿನ ಟ್ರಯಲ್ ಓದಿದಾಗ. ಬ್ರಿಟನ್ನಿನಲ್ಲಿ 3ರಿಂದ 7 ವರ್ಷದ 1144 ಮಕ್ಕಳು, ಮೂರು ಗುಂಪು: ಕೊರೆದು ಫಿಲ್ಲಿಂಗ್, ಹಾಲ್‌ನಂಥ ಮುಚ್ಚುವ ವಿಧಾನ, ಬರೀ ತಡೆಗಟ್ಟುವಿಕೆ. ನೋವು ಅಥವಾ ಕೀವು ಕಂಡ ಮಕ್ಕಳು ಕ್ರಮವಾಗಿ ಶೇ. 42, 40, 45. ಗಮನಾರ್ಹ ವ್ಯತ್ಯಾಸವೇ ಇಲ್ಲ!

ಹಾಗಂತ ಟೇಸೈಡ್ ಫಲಿತಾಂಶ ಸುಳ್ಳಾಗುವುದಿಲ್ಲ. ಅಲ್ಲಿ ಎಣಿಸಿದ್ದು ಹಲ್ಲನ್ನು, ಇಲ್ಲಿ ಎಣಿಸಿದ್ದು ಮಗುವನ್ನು. ಮಗುವಿನ ಬಾಯಲ್ಲಿ ಐದು ಹುಳುಕು ಹಲ್ಲಿದ್ದು, ಒಂದರಲ್ಲಿ ಕೀವಾದರೂ ಆ ಮಗು ಫೇಲ್ಯೂರ್ ಲೆಕ್ಕಕ್ಕೆ ಸೇರುತ್ತದೆ. ಉಳಿದ ನಾಲ್ಕು ಚೆನ್ನಾಗಿದ್ದರೂ ಅಷ್ಟೇ. ಜೊತೆಗೆ ಫಿಕ್ಷನ್‌ನಲ್ಲಿ ಹೋಲಿಸಿದ್ದು ಇಡೀ ಬಾಯಿಯ ಆರೈಕೆಯ ಮೂರು ದಾರಿಗಳನ್ನು, ಒಂದು ಕ್ರೌನನ್ನು ಒಂದು ಫಿಲ್ಲಿಂಗ್ ಜೊತೆ ಅಲ್ಲ.

ಪಲ್ಪಾಟಮಿ (ಪಲ್ಪ್‌ನ ಮೇಲ್ಭಾಗವನ್ನಷ್ಟೇ ತೆಗೆಯುವ ಚಿಕಿತ್ಸೆ) ಪೇಪರ್‌ಗಳಿಗೂ ಇದೇ ಕಣ್ಣು ಬೇಕು. ಅಲ್ಲಿ ಕ್ಲಿನಿಕಲ್ ಸಕ್ಸೆಸ್ ಸಾಮಾನ್ಯವಾಗಿ ರೇಡಿಯೊಗ್ರಾಫಿಕ್ (ಎಕ್ಸ್-ರೇಯಲ್ಲಿ ಕಾಣುವ) ಸಕ್ಸೆಸ್‌ಗಿಂತ ಜಾಸ್ತಿ ಇರುತ್ತದೆ. ಮಗುವಿಗೆ ನೋವಿಲ್ಲ, ಊತವಿಲ್ಲ, ಆದರೂ ಎಕ್ಸ್-ರೇಯಲ್ಲಿ ಬೇರು ಒಳಗಿನಿಂದ ಕರಗುತ್ತಿರಬಹುದು. ಈ ಚಿಕಿತ್ಸೆಯಲ್ಲಿ ಉಳಿದ ಪಲ್ಪ್ ಮೇಲೆ ಹಾಕುವ ಎಂಟಿಎ, ಫಾರ್ಮೋಕ್ರೆಸಾಲ್ ಎಂಬ ಎರಡು ಔಷಧಗಳನ್ನು ಹೋಲಿಸುವಾಗ ಎರಡಕ್ಕೂ ರೇಡಿಯೊಗ್ರಾಫಿಕ್ ಅಂಕಿಯನ್ನೇ, ಅದೂ ಒಂದೇ ಅವಧಿಯದ್ದನ್ನು ಅಕ್ಕಪಕ್ಕ ಬರೆದುಕೊಳ್ಳಿ.