ಯಾತೆಂಗಾದಲ್ಲಿ ಮಣ್ಣಿನ ಬದು ಒಡೆದದ್ದೇಕೆ, ಕಲ್ಲಿನ ಬದು ನಿಂತದ್ದು ಹೇಗೆ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶ ಇನ್ನೂ ಅಪ್ಪರ್ ವೋಲ್ಟಾ ಆಗಿದ್ದ ಕಾಲ. ಅದರ ಉತ್ತರ ಭಾಗದ ಯಾತೆಂಗಾ ಸೀಮೆಯಲ್ಲಿ 1962ರಿಂದ 1965ರವರೆಗೆ ಗೆರೆಸ್ ಎಂಬ ಯೋಜನೆ ನಡೆಯಿತು. ಭಾರೀ ಯಂತ್ರಗಳನ್ನು ಇಳಿಸಿ ಸುಮಾರು 1,20,000 ಹೆಕ್ಟೇರಿನಲ್ಲಿ ಮಣ್ಣಿನ ಬದು ಹಾಕಿದರು. ಊರವರನ್ನು ಕೇಳಿ ಮಾಡಿದ ಕೆಲಸವಲ್ಲ. ಯಂತ್ರಗಳು ಹೋದ ಮೇಲೆ ಬದುಗಳನ್ನು ದುರಸ್ತಿ ಮಾಡುವವರಿಲ್ಲದೆ ಬಹುಪಾಲು ಹಾಳಾದವು.

ಇದನ್ನು ರೈತರ ಅಸಡ್ಡೆ ಎನ್ನುವುದು ಅನ್ಯಾಯ. ಮಣ್ಣಿನ ಬದು ನೀರನ್ನು ಪೂರ್ತಿ ತಡೆದು ನಿಲ್ಲಿಸುತ್ತದೆ. ಅಲ್ಲಿನ ಮಳೆ ಕಡಿಮೆಯಾದರೂ ಬಂದರೆ ಒಂದೇ ಹೊಡೆತಕ್ಕೆ ಸುರಿಯುತ್ತದೆ. ಬದುವಿನ ಮೇಲ್ಬದಿಯಲ್ಲಿ ನೀರು ನಿಂತು ಸಜ್ಜೆಯ ಬೇರು ಕೊಳೆಯುತ್ತದೆ. ಬದು ಎಲ್ಲಾದರೂ ಒಂದು ಕಡೆ ಕುಸಿದರೆ ಸಾಕು, ನಿಂತ ನೀರೆಲ್ಲ ಅಲ್ಲೇ ನುಗ್ಗಿ ಕೆಳಗಿನ ಹೊಲದಲ್ಲಿ ಕೊರಕಲು ಬೀಳುತ್ತದೆ.

1979ರಲ್ಲಿ ಆಕ್ಸ್‌ಫ್ಯಾಮ್ ಎಂಬ ನೆರವು ಸಂಸ್ಥೆ ಅದೇ ಸೀಮೆಗೆ ಬಂದದ್ದು ಗಿಡ ನೆಡಿಸಲು. ಬರ ಕಂಡಿದ್ದ ಜನರಿಗೆ ಬೇಕಾಗಿದ್ದದ್ದು ಕಾಳು. ಯೋಜನೆ ತನ್ನ ಗುರಿಯನ್ನೇ ಬದಲಿಸಿಕೊಂಡು ಹೊಲಗಳ ಕಲ್ಲಿನ ಬದುವಿನತ್ತ ತಿರುಗಿತು. ನೆರವಿನ ಯೋಜನೆಗಳಲ್ಲಿ ಇದು ಅಪರೂಪ, ಮೆಚ್ಚಬೇಕಾದದ್ದು. ಹೊಲದಲ್ಲಿ ಕಲ್ಲು ಸಾಲಿಡುವ ರೂಢಿ ಅಲ್ಲಿ ಮೊದಲೇ ಇತ್ತು. ತೊಂದರೆ ಇದ್ದದ್ದು ಮಟ್ಟ ಹಿಡಿಯುವುದರಲ್ಲಿ, ಅಂದರೆ ಸಾಲು ಉದ್ದಕ್ಕೂ ಒಂದೇ ಎತ್ತರದಲ್ಲಿ ಸಾಗುವಂತೆ ನೋಡಿಕೊಳ್ಳುವುದರಲ್ಲಿ: ಇಳಿಜಾರು ತೀರಾ ಕಡಿಮೆ ಇರುವ ಕಡೆ ಕಣ್ಣಳತೆ ಮೋಸ ಮಾಡುತ್ತದೆ.

ಅದಕ್ಕೆ ಬಂದದ್ದು ನಮ್ಮ ಗಾರೆ ಮೇಸ್ತ್ರಿಗಳು ಬಳಸುವಂಥದೇ ನೀರಿನ ಪೈಪು. 10–20 ಮೀಟರ್ ಉದ್ದದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ ನೀರು ತುಂಬಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಅಥವಾ ಪೈಪು ಮಡಚಿದರೆ ಮಟ್ಟ ತಪ್ಪುತ್ತದೆ. ಕೋಲು ಎತ್ತಿಕೊಂಡು ನಡೆಯುವಾಗ ತುದಿಗೆ ಹೆಬ್ಬೆರಳು ಒತ್ತದಿದ್ದರೆ ನೀರು ಚೆಲ್ಲಿ ಮತ್ತೆ ಮೊದಲಿಂದ ಶುರು. ಎರಡೂ ಕಡೆ ನೀರು ಒಂದೇ ಗುರುತಿಗೆ ನಿಂತಲ್ಲಿ ನೆಲಕ್ಕೆ ಗೀಟು ಹಾಕಬೇಕು. ಓದು ಬಾರದವರೂ ಒಂದೆರಡು ದಿನದಲ್ಲಿ ಕಲಿಯುತ್ತಾರೆ.

ಗೀಟಿನುದ್ದಕ್ಕೂ ಆಳವಿಲ್ಲದ ಕಾಲುವೆ ತೋಡಿಯೇ ಕಲ್ಲು ಕೂರಿಸಬೇಕು. ಬರಿಯ ನೆಲದ ಮೇಲಿಟ್ಟರೆ ನೀರು ಅಡಿಯಿಂದ ಕೊರೆಯುತ್ತದೆ. ದೊಡ್ಡ ಕಲ್ಲು ಇಳಿಜಾರಿನ ಕೆಳಬದಿಗೆ, ಸಣ್ಣವು ಮೇಲ್ಬದಿಗೆ. ನೀರು ಸಂದುಗಳಿಂದ ನಿಧಾನಕ್ಕೆ ಸೋಸಿಹೋಗುತ್ತದೆ. ಮಣ್ಣು, ಒಣಗೊಬ್ಬರ, ಹುಲ್ಲಿನ ಬೀಜ ಅಲ್ಲೇ ಉಳಿಯುತ್ತವೆ.

ಇದೇ ಕಾಲದಲ್ಲಿ ಯಾಕೂಬಾ ಸವಾಡೊಗೊ ಎಂಬ ರೈತ ಝಾಯಿ ಗುಂಡಿಗಳನ್ನು ಸುಧಾರಿಸಿದರು. ಬೇಸಿಗೆಯಲ್ಲೇ 20–40 ಸೆಂ.ಮೀ. ಅಗಲ, 10–20 ಸೆಂ.ಮೀ. ಆಳದ ಗುಂಡಿ ತೋಡಿ ಗೊಬ್ಬರ ಹಾಕಿದರೆ ಗೆದ್ದಲು ಬಂದು ಗಟ್ಟಿ ನೆಲವನ್ನು ತೂತು ಮಾಡುತ್ತವೆ, ಮಳೆನೀರು ಇಂಗುತ್ತದೆ. ಆದರೆ ಒಂದು ಹೆಕ್ಟೇರಿಗೆ ಸುಮಾರು 300 ಗಂಟೆಗಳ ದುಡಿಮೆ ಬೇಕು. ಆಳಿಲ್ಲದ ಮನೆಗೆ, ದನವಿಲ್ಲದ ಮನೆಗೆ ಇದು ನಿಲುಕುವುದಿಲ್ಲ.

ಕಲ್ಲಿನ ಬದುವಿಗೂ ಮಿತಿಯಿದೆ. ಹೆಕ್ಟೇರಿಗೆ ಹತ್ತಾರು ಟನ್ ಕಲ್ಲು ಬೇಕು. ಹತ್ತಿರದ ಗುಡ್ಡ ಬರಿದಾದರೆ ಲಾರಿಯೇ ಗತಿ. ಯೋಜನೆಯ ಲಾರಿ ನಿಂತರೆ ಕೆಲಸವೂ ನಿಲ್ಲುತ್ತದೆ. ಎರವಲು ಹೊಲ ಮಾಡುವವರ ಕಷ್ಟ ಇನ್ನೊಂದು. ಅವರಲ್ಲಿ ಹೆಂಗಸರೇ ಹೆಚ್ಚು. ನೆಲ ಸುಧಾರಿಸಿದ ಮೇಲೆ ಒಡೆಯ ವಾಪಸು ಕೇಳಿದರೆ ಹೊತ್ತ ಕಲ್ಲಿಗೆ ಬೆಲೆಯಿಲ್ಲ. ಹಾಗಾಗಿ ಕಲ್ಲು ಹೊರಿಸುವ ಮೊದಲೇ, ಹೊಲ ಎಷ್ಟು ವರ್ಷ ಅವರ ಕೈಯಲ್ಲಿರುತ್ತದೆ ಎಂಬುದನ್ನು ಊರ ಹಿರಿಯರ ಮುಂದೆ ಒಪ್ಪಂದ ಮಾಡಿಸಬೇಕು.