ತಪ್ಪೋ, ಪಾಪವೋ, ದ್ರೋಹವೋ?

ದಾವಣಗೆರೆಯ ಮಂಡಿಗೆ ಬಂದ ಮೆಕ್ಕೆಜೋಳದ ತೂಕದಲ್ಲಿ ಚೀಲಕ್ಕೆ ಎರಡು ಕೆ.ಜಿ. ಹೊಡೆದರು ಅಂದುಕೊಳ್ಳಿ. ಸಿಕ್ಕಿಬಿದ್ದವನು ‘ಏನೋ ತಪ್ಪಾತು ಬಿಡಪ್ಪಾ’ ಅನ್ನುತ್ತಾನೆ. ರೈತ ‘ಎಂಥಾ ಅನ್ಯಾಯ ಆತಲ್ಲೋ’ ಅನ್ನುತ್ತಾನೆ. ಮನೆಯಲ್ಲಿ ಅಜ್ಜಿ ‘ಆ ಪಾಪ ಅವನ್ನ ಸುಮ್ನೆ ಬಿಡಂಗಿಲ್ಲ’ ಅನ್ನುತ್ತಾಳೆ. ದೂರು ಕೊಟ್ಟರೆ ಕಾಗದದಲ್ಲಿ ಅದೇ ‘ಅಪರಾಧ’.

ತಪ್ಪು ಅಚ್ಚಗನ್ನಡದ ಮಾತು. ಬಸ್ಸು ತಪ್ಪಿತು, ದಾರಿ ತಪ್ಪಿದ, ಕೊಟ್ಟ ಮಾತಿಗೆ ತಪ್ಪಿದ: ಸೇರಬೇಕಾದಲ್ಲಿಗೆ ಸೇರದಿರುವುದೇ ಇದರ ಒಳಗಿನ ಅರ್ಥ. ಸಂಸ್ಕೃತದ ಅಪರಾಧದ ಬೇರಿನಲ್ಲೂ ಇದೇ ಅರ್ಥವಿದೆ. ಬಾಣ ಗುರಿ ತಪ್ಪಿದ ಬಿಲ್ಲುಗಾರನಿಗೆ ಸಂಸ್ಕೃತದ ಹಳೆಯ ನಿಘಂಟು ಅಮರಕೋಶ ‘ಅಪರಾದ್ಧಪೃಷತ್ಕ’ ಅನ್ನುತ್ತದೆ. ತಪ್ಪು ತಿಳಿಯದೆಯೂ ಆಗಬಹುದು. ಹರಕೆ ಮರೆತವರು ದೇವರಿಗೆ ತಪ್ಪುಕಾಣಿಕೆ ಹಾಕುವುದು ಅದಕ್ಕೇ. ‘ತಪ್ಪಾತು’ ಅನ್ನುವುದಕ್ಕೂ ‘ತಪ್ಪು ಮಾಡಿದೆ’ ಅನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮಾಡಿದವನ ಸುಳಿವೇ ಇಲ್ಲ.

ಅಪರಾಧ ಈಗ ಕಾನೂನಿನ ಪದ. ಪೊಲೀಸರು ಹಿಡಿದವನು ಆರೋಪಿ. ಕೋರ್ಟು ತೀರ್ಪು ಕೊಟ್ಟ ಮೇಲಷ್ಟೇ ಅಪರಾಧಿ. ವಾಟ್ಸ್‌ಆಪ್ ಗುಂಪುಗಳಲ್ಲಿ ಇವೆರಡನ್ನೂ ಒಂದೇ ಮಾಡುವುದು ನೋಡಿದರೆ ಸಂಕಟವಾಗುತ್ತದೆ, ಒಬ್ಬರ ಮಾನ ಅದರ ಮೇಲೆ ನಿಂತಿರುತ್ತದೆ.

ಪೊಲೀಸರಿಗೆ ಕಾಣದ ಕಡೆ ಕಾಯುತ್ತಿದ್ದದ್ದು ಪಾಪದ ಭಯ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೇ, ಕೊಟ್ಟ ದಾನವನ್ನು ಅಳಿದವನಿಗೆ ‘ಮಹಾಪಾತಕ’ ಎಂದು ಎಚ್ಚರಿಸುತ್ತದೆ. ಮುಂದಿನ ದಾನಶಾಸನಗಳಲ್ಲಿ ವಾರಣಾಸಿಯಲ್ಲಿ ಕವಿಲೆ (ಹಸು) ಕೊಂದ ಪಾಪಕ್ಕೆ ಹೋಗುವನು ಎಂಬ ಶಾಪ ಮತ್ತೆ ಮತ್ತೆ ಬರುತ್ತದೆ. ಅಷ್ಟು ಭಾರದ ಪದವೇ ಆಡುಮಾತಿನಲ್ಲಿ ಕರುಣೆಯೂ ಆಯಿತು: ‘ಅಯ್ಯೋ ಪಾಪ’, ‘ಪಾಪದ ಮನುಷ್ಯ’. ಇಲ್ಲಿ ಪಾಪ ಅನ್ನಿಸಿಕೊಂಡವನು ಏನೂ ಮಾಡಿದವನಲ್ಲ, ನೊಂದವನು.

ಅನ್ಯಾಯವೂ ನೊಂದವರ ಕಡೆಯಿಂದಲೇ ಬರುವ ಮಾತು. ‘ಅನ್ಯಾಯವಾಗಿ ಬೆಳೆ ಹಾಳಾತು’ ಅಂದಾಗ ಮಾಡಿದವರು ಯಾರೂ ಇರಬೇಕಿಲ್ಲ.

ದ್ರೋಹಕ್ಕೆ ಮಾತ್ರ ನಂಬಿಕೆ ಮೊದಲೇ ಇರಬೇಕು. ಗುರುತಿಲ್ಲದವನು ತೂಕ ಹೊಡೆದರೆ ಮೋಸ. ವರ್ಷಾನುಗಟ್ಟಲೆ ಒಬ್ಬನೇ ದಲಾಲನಿಗೆ ಮಾಲು ಹಾಕಿ, ಬಿತ್ತನೆಗೂ ಮಗಳ ಮದುವೆಗೂ ಅವನ ಹತ್ತಿರವೇ ದುಡ್ಡು ತಂದ ರೈತನಿಗೆ ಅದೇ ದಲಾಲ ಹೊಡೆದರೆ ನಂಬಿಕೆದ್ರೋಹ. ಅದನ್ನೂ ‘ತಪ್ಪಾತು’ ಎಂದು ತೇಲಿಸಿಬಿಡುವುದನ್ನು ನಾನಂತೂ ಒಪ್ಪುವುದಿಲ್ಲ.